ಡಿಕ್ಕಿಗಿಂತ ಮೊದಲು ಬಾಗಿಲು



ಭತ್ತದ ರೊಕ್ಕ ಕೈಗೆ ಬಂದ ದಿನಗಳಲ್ಲಿ ಸಿಂಧನೂರಿನ ಕಾರ್ ಸ್ಟೀರಿಯೊ ಅಂಗಡಿಗಳ ಮುಂದೆ ನಿಂತರೆ ಹೆಚ್ಚಾಗಿ ಕಿವಿಗೆ ಬೀಳುವ ಮಾತು ಇದು: “ಅಣ್ಣಾ, ಬೇಸ್ ಬರವಲ್ದು ನೋಡ್ರಿ. ದೊಡ್ಡದೊಂದು ವೂಫರ್ ಡಬ್ಬಿ ಹಾಕಿಬಿಡ್ರಿ.” ಅಂಗಡಿಯಾತ “ಹಾಕೋಣಪಾ, ಅದಕ್ಕೇನು” ಎನ್ನುತ್ತ ಡಿಕ್ಕಿ ತೆರೆಯುತ್ತಾನೆ. ಸಂಜೆಯ ಹೊತ್ತಿಗೆ ಡಿಕ್ಕಿಯ ಅರ್ಧ ಜಾಗ ನುಂಗಿದ ಡಬ್ಬಿಯೊಂದು ಅಲ್ಲಿ ಕೂತಿರುತ್ತದೆ. ನಂಬರ್ ಪ್ಲೇಟು ಗಡಗಡ ನಡುಗುತ್ತಿರುತ್ತದೆ. ಹಾಡಿನ ಮಾತು ಮಾತ್ರ ಮೊದಲಿಗಿಂತ ಕಡಿಮೆ ತಿಳಿಯುತ್ತದೆ. ಮಸ್ಕಿಯಲ್ಲೂ ಲಿಂಗಸೂಗೂರಿನಲ್ಲೂ ಇದೇ ಕಥೆ. ದುಡಿದು ಗಳಿಸಿದ ದುಡ್ಡು ಹೀಗೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಇವತ್ತಿನ ಈ ಮಾತು. ನಾನು ಹೇಳಬೇಕೆಂದಿರುವುದು ಇಷ್ಟು: ಡಿಕ್ಕಿಗೆ ಕೈ ಹಾಕುವ ಮೊದಲು ಮುಂದಿನ ಎರಡು ಬಾಗಿಲು ಬಿಚ್ಚಿಸಿ ನೋಡಿ.

ಒಳ್ಳೆಯ ಧ್ವನಿ ಅಂದರೆ ಯಾವುದು ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ನಮ್ಮ ರಾಯಚೂರು ಜಿಲ್ಲೆಯವರೇ ಆದ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ನಿಮಗೆ ಗೊತ್ತು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಅವರು ಹಾಡಿದ ವಚನವೊಂದನ್ನು ಕಾರಿನಲ್ಲಿ ಹಾಕಿ ಕೇಳಿ. ಕಂಠ ಒಂದು ಕಡೆ, ಹಾರ್ಮೋನಿಯಂ ಒಂದು ಕಡೆ, ತಬಲಾದ ಡಗ್ಗಾ ಬೇರೆಯಾಗಿ, ಹಿಂದೆ ತಂಬೂರಿಯ ಶ್ರುತಿ ಎಳೆಯಾಗಿ ಕೇಳಬೇಕು. ವಚನದ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ತಿಳಿಯಬೇಕು. ಅಥವಾ ಮುದಗಲ್ಲಿನ ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳ ರೆಕಾರ್ಡಿಂಗ್ ಹಾಕಿ. ಮುಂದೆ ಹೇಳುವವನ ದನಿಯೂ ಹಿಂದಿನ ಮೇಳದ ದನಿಯೂ ಒಂದೇ ಮುದ್ದೆಯಾಗಿ ಬಂದರೆ ನಿಮ್ಮ ಕಾರಿನ ಸಿಸ್ಟಮ್ ಸರಿಯಿಲ್ಲ ಎಂದೇ ಅರ್ಥ, ಅದಕ್ಕೆ ಎಷ್ಟೇ ಖರ್ಚು ಮಾಡಿರಲಿ.

ಮನುಷ್ಯನ ಕಿವಿಗೆ ಸೆಕೆಂಡಿಗೆ 20 ಕಂಪನದಿಂದ 20,000 ಕಂಪನದವರೆಗಿನ ಶಬ್ದ ಕೇಳುತ್ತದೆ. ಈ ಕಂಪನದ ಲೆಕ್ಕಕ್ಕೆ ಹರ್ಟ್ಸ್ ಎನ್ನುತ್ತೇವೆ. ಡೊಳ್ಳಿನ ಗುಡುಗು ನೂರು ಹರ್ಟ್ಸ್‌ಗಿಂತ ಕೆಳಗಿನದು. ಗಂಡಸಿನ ಮಾತಿನ ಮೂಲ ಶ್ರುತಿ ನೂರರಿಂದ ನೂರೈವತ್ತರ ಸುಮಾರಿನಲ್ಲಿ ಇರುತ್ತದೆ. ಆದರೆ ಮಾತು ಅರ್ಥವಾಗುವುದು ಆ ಮೂಲ ಶ್ರುತಿಯಿಂದ ಅಲ್ಲ. ವ್ಯಂಜನಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಶಬ್ದ ಎರಡು ಸಾವಿರ ಹರ್ಟ್ಸ್‌ನಿಂದ ಮೇಲಕ್ಕೆ ಇದೆ. ‘ಸ’ಕಾರದ ಸುಯ್ಯೆನ್ನುವ ಸದ್ದು ಐದು ಸಾವಿರವನ್ನೂ ದಾಟುತ್ತದೆ. ಡಿಕ್ಕಿಯ ವೂಫರ್ ಕೆಲಸ ಮಾಡುವುದು ಎಂಬತ್ತು, ನೂರರ ಕೆಳಗೆ. ಮಾತು ತಿಳಿಯದ ಹಾಡಿಗೆ ವೂಫರ್ ಹಾಕಿದರೆ ಮಾತು ತಿಳಿಯುವುದಾದರೂ ಹೇಗೆ?

ಕಾರಿನಲ್ಲಿ ಹಾಡು ಕೇಳುವ ಆಸೆ ಹೊಸದೇನಲ್ಲ. ಅಮೆರಿಕದ ಗ್ಯಾಲ್ವಿನ್ ಸೋದರರು ಮೋಟೊರೋಲ ಹೆಸರಿನಲ್ಲಿ ಕಾರಿನ ರೇಡಿಯೊ ಮಾರತೊಡಗಿದ್ದು 1930ರಲ್ಲಿ. ಸಂಗೀತ ಕೇಳಲು ಕಾರು ಕೆಟ್ಟ ಜಾಗ ಎಂದೇ ಬಹಳ ಕಾಲ ಎಣಿಕೆಯಿತ್ತು. ಎಲ್ಲ ಕಡೆ ಗಾಜು, ತಗಡು. ಕೆಳಗೆ ಟೈರಿನ ಸದ್ದು. ಕೂರುವವರು ಒಂದು ಮಗ್ಗುಲಿಗೆ. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್ ಇದನ್ನು ತಿರುಗಿಸಿ ನೋಡಿದರು. ಮನೆಗೆ ಸ್ಪೀಕರ್ ಮಾಡುವವನಿಗೆ ಅದು ಯಾವ ಕೋಣೆಗೆ ಹೋಗುತ್ತದೆ, ಕೇಳುವವರು ಎಲ್ಲಿ ಕೂರುತ್ತಾರೆ ಎಂಬುದು ಗೊತ್ತಿರುವುದಿಲ್ಲ. ಕಾರಿನಲ್ಲಿ ಎಲ್ಲವೂ ಗೊತ್ತು: ಸೀಟು ಎಲ್ಲಿದೆ, ಗಾಜು ಎಲ್ಲಿದೆ, ಕಿವಿ ಎಷ್ಟು ಎತ್ತರದಲ್ಲಿದೆ. ಹಾಗಿದ್ದರೆ ಆ ಒಂದು ಕಾರಿಗೆಂದೇ ಧ್ವನಿಯನ್ನು ಹದಗೊಳಿಸಬಹುದಲ್ಲ ಎಂದರು. 1980ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ಕಾರುಗಳಿಗೆ ಅವರ ಕಂಪನಿಯ ಬೋಸ್ ಸಿಸ್ಟಮ್ ಬಂದದ್ದು ಈ ವಿಚಾರದಿಂದಲೇ. ಸಿಂಧನೂರಿನ ನಮ್ಮ ಹುಡುಗರೂ ಇದೇ ವಿಚಾರವನ್ನು ತಮ್ಮ ಕೈಯಾರೆ ನಡೆಸಬಹುದು. ಅದಕ್ಕೆ ದೊಡ್ಡ ಕಂಪನಿಯೇ ಬೇಕೆಂದೇನಿಲ್ಲ.

ಈಗ ಬಾಗಿಲಿಗೆ ಬರೋಣ. ಹೆಚ್ಚಿನ ಕಾರುಗಳಲ್ಲಿ ಮುಂದಿನ ಬಾಗಿಲ ಕೆಳಭಾಗದಲ್ಲಿ ಆರೂವರೆ ಇಂಚಿನ ಸ್ಪೀಕರ್ ಇರುತ್ತದೆ. ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲಾಗುತ್ತದೆ. ಅಂದರೆ ಸ್ಪೀಕರ್ ಮುಂದಕ್ಕೂ ಹಿಂದಕ್ಕೂ ಸದ್ದು ಮಾಡುತ್ತದೆ, ಮತ್ತು ಆ ಎರಡು ಸದ್ದು ಒಂದಕ್ಕೊಂದು ಉಲ್ಟಾ. ಇವೆರಡೂ ಬೆರೆತರೆ ಒಂದನ್ನೊಂದು ಅಳಿಸಿಹಾಕುತ್ತವೆ. ಅದರಲ್ಲೂ ಬೇಸ್ ಮೊದಲು ಹೋಗುತ್ತದೆ. ಬಾಗಿಲ ಒಳ ಪ್ಯಾಡ್ ಬಿಚ್ಚಿ ನೋಡಿ. ಒಳಗಿನ ತಗಡಿನಲ್ಲಿ ಅಂಗೈ ತೂರುವಷ್ಟು ದೊಡ್ಡ ತೂತುಗಳಿರುತ್ತವೆ. ಗಾಜಿನ ಮೋಟರ್ ಜೋಡಿಸಲು ಕಂಪನಿಯವರು ಬಿಟ್ಟದ್ದು. ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಹಿಂದಿನ ಸದ್ದು ಆ ತೂತುಗಳಿಂದ ಬಂದು ಮುಂದಿನ ಸದ್ದಿಗೆ ಕೂಡಿಕೊಳ್ಳುತ್ತದೆ. ಬದು ಒಡೆದ ಗದ್ದೆಗೆ ಕಾಲುವೆಯಿಂದ ಎಷ್ಟು ನೀರು ಬಿಟ್ಟರೂ ಮಡಿಯಲ್ಲಿ ನಿಲ್ಲುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೇಸ್ ಬರುತ್ತಿಲ್ಲ ಎಂದು ಅಂಗಡಿಯ ಮುಂದೆ ಹುಡುಗ ಹೇಳಿದ್ದು ನಿಜ. ಆದರೆ ಅದು ಇಲ್ಲಿ ಸೋರಿಹೋಗುತ್ತಿದೆ.

ಇದಕ್ಕೆ ಮದ್ದು ಸುಲಭ. ಡ್ಯಾಂಪಿಂಗ್ ಶೀಟ್ ಎಂದು ಅಂಗಡಿಗಳಲ್ಲಿ ಸಿಗುತ್ತದೆ: ಒಂದು ಕಡೆ ಅಲ್ಯುಮಿನಿಯಂ ಹಾಳೆ, ಇನ್ನೊಂದು ಕಡೆ ಅಂಟುವ ರಬ್ಬರಿನಂಥ ಬ್ಯೂಟೈಲ್. ಹೊರಗಿನ ತಗಡಿನ ಒಳಮೈಗೆ ತುಂಡುತುಂಡಾಗಿ ಅಂಟಿಸಿದರೆ ತಗಡು ಝೇಂಕರಿಸುವುದು ನಿಲ್ಲುತ್ತದೆ. ತಗಡನ್ನು ಪೂರ್ತಿ ಮುಚ್ಚಬೇಕಿಲ್ಲ, ನಡುಭಾಗದಲ್ಲಿ ಹಾಕಿದರೆ ಸಾಕಷ್ಟು ಕೆಲಸವಾಗುತ್ತದೆ. ಒಳಗಿನ ತಗಡಿನ ತೂತುಗಳನ್ನು ಮಾತ್ರ ಪೂರ್ತಿ ಮುಚ್ಚಬೇಕು. ದೊಡ್ಡ ತೂತಿಗೆ ಹಿಂದೆ ಗಟ್ಟಿ ಪ್ಲಾಸ್ಟಿಕ್ ಅಥವಾ ತಗಡಿನ ತುಂಡು ಕೊಟ್ಟು ಮೇಲೆ ಶೀಟ್ ಎಳೆಯಬೇಕು. ಸ್ಪೀಕರನ್ನು ಬಾಗಿಲ ತಗಡಿಗೆ ನೇರವಾಗಿ ತಿರುಪು ಹಾಕದೆ, ನಡುವೆ ಪ್ಲೈವುಡ್ಡಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಬಳೆ ಕೊಟ್ಟು, ಸಂದಿಗೆ ಫೋಮ್ ಪಟ್ಟಿ ಅಂಟಿಸಿ ಬಿಗಿಯಬೇಕು. ಇಷ್ಟು ಮಾಡಿದ ಮೇಲೆ ಅದೇ ಹಳೆಯ ಸ್ಪೀಕರಿನಲ್ಲಿ ಡಗ್ಗಾದ ದನಿ ಎಷ್ಟು ತುಂಬಿಕೊಂಡು ಬರುತ್ತದೆ ಎಂದು ಕೇಳಿದವರಿಗೇ ಗೊತ್ತು.

ಇಲ್ಲಿ ನಮ್ಮ ನೆಲದ ಎರಡು ಮಾತು ಹೇಳಲೇಬೇಕು. ಮೊದಲನೆಯದು ಬಿಸಿಲು. ರಾಯಚೂರು ಜಿಲ್ಲೆಯ ಬೇಸಿಗೆ ನಲವತ್ತು ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಅರವತ್ತನ್ನೂ ಮೀರುತ್ತದೆ. ಅಗ್ಗವೆಂದು ಡಾಂಬರಿನಿಂದ ಮಾಡಿದ ಶೀಟ್ ಅಂಟಿಸಿದರೆ ಏಪ್ರಿಲ್ ಹೊತ್ತಿಗೆ ಅದು ಮೆತ್ತಗಾಗಿ ಜಾರುತ್ತದೆ, ಕಾರಿನ ತುಂಬ ವಾಸನೆ ಕಟ್ಟುತ್ತದೆ. ಬ್ಯೂಟೈಲನ್ನೇ ಕೇಳಿ ಹಾಕಿಸಿ. ಎರಡನೆಯದು ಮಳೆ. ಗಾಜಿನ ಸಂದಿಯಿಂದ ಇಳಿದ ನೀರು ಹರಿದು ಹೋಗಲೆಂದು ಬಾಗಿಲ ತಳದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಹುರುಪಿನಲ್ಲಿ ಅವನ್ನೂ ಮುಚ್ಚಿದರೆ ನೀರು ಒಳಗೇ ನಿಂತು ಬಾಗಿಲು ತುಕ್ಕು ಹಿಡಿಯುತ್ತದೆ. ಆ ಕಿಂಡಿಗಳನ್ನು ಮುಟ್ಟಬೇಡಿ.

ಬಾಗಿಲು ಬಿಚ್ಚಿದಾಗಲೇ ಇನ್ನೊಂದನ್ನು ನೋಡಿಬಿಡಿ. ಸ್ಪೀಕರಿನ ಎರಡು ವೈರುಗಳಲ್ಲಿ ಒಂದು ಪ್ಲಸ್, ಒಂದು ಮೈನಸ್. ಒಂದು ಬಾಗಿಲಲ್ಲಿ ಸರಿಯಾಗಿ, ಇನ್ನೊಂದರಲ್ಲಿ ತಿರುಗುಮುರುಗಾಗಿ ಜೋಡಿಸಿದ್ದರೆ ಒಂದು ಸ್ಪೀಕರ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಆಗಲೂ ಬೇಸ್ ಮಾಯ. ಪರೀಕ್ಷೆಗೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಸಾಕು. ಸ್ಟೀರಿಯೊ ಕಡೆಯ ಸಂಪರ್ಕ ಬಿಡಿಸಿ, ಸೆಲ್ಲಿನ ಪ್ಲಸ್ ತುದಿಯನ್ನು ಸ್ಪೀಕರಿನ ಪ್ಲಸ್ ವೈರಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಗಳಿಗೆ ಮುಟ್ಟಿಸಿ. ಬಟ್ಟಲು ಹೊರಗೆ ಬಂದರೆ ಸರಿ, ಒಳಗೆ ಹೋದರೆ ತಿರುಗುಮುರುಗು. ಹೊಸ ಸ್ಪೀಕರ್ ಹಾಕಿಸಿಕೊಂಡ ಎಷ್ಟೋ ಕಾರುಗಳ ದೂರು ಈ ಒಂದು ವೈರ್ ಬದಲಿಸಿದರೆ ಮುಗಿಯುತ್ತದೆ.

ಇನ್ನು ರಸ್ತೆಯ ಸದ್ದು. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸೂಗೂರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಹಾಡು ಕೇಳಲು ಒಳ್ಳೆಯ ದಾರಿ, ಕಾರಿನ ಸಿಸ್ಟಮ್ ಪರೀಕ್ಷೆಗೂ ಒಳ್ಳೆಯ ದಾರಿ. ಅಂಗಡಿಯ ಮುಂದೆ ನಿಂತ ಕಾರಿನಲ್ಲಿ ಎಲ್ಲ ಸ್ಪೀಕರೂ ಚೆನ್ನಾಗೇ ಕೇಳುತ್ತವೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗ ಹಿಡಿದಾಗ ಟೈರಿನ ಗುಂಯ್‌ಗುಟ್ಟುವಿಕೆ ಮೇಲೇಳುತ್ತದೆ. ಆ ಸದ್ದೂ ಹೆಚ್ಚಾಗಿ ಕೆಳ ಶ್ರುತಿಯದು. ಅದು ಹಾಡಿನ ಬೇಸನ್ನು ಮುಚ್ಚಿಬಿಡುತ್ತದೆ. ಆಗ ಕೈ ತಾನಾಗಿ ಬೇಸ್ ಬಟನ್ನಿಗೆ ಹೋಗುತ್ತದೆ, ಆಮೇಲೆ ವಾಲ್ಯೂಮಿಗೆ. ಅದರ ಬದಲು ಟೈರಿನ ಗಾಳಿ ಸರಿಯಾಗಿದೆಯೇ ನೋಡಿ. ಸವೆದು ಹಲ್ಲು ಹಲ್ಲಾದ ಟೈರ್ ಇದ್ದರೆ ಬದಲಿಸಿ. ಬಾಗಿಲ ಅಂಚಿನ ರಬ್ಬರ್ ನಮ್ಮ ಬಿಸಿಲಿಗೆ ಒಣಗಿ ಬಿರಿದಿರುತ್ತದೆ, ಅದನ್ನು ಹೊಸದು ಹಾಕಿಸಿ. ಚಕ್ರದ ಮೇಲಿನ ಕಮಾನು ಮತ್ತು ಕಾಲ ಕೆಳಗಿನ ತಗಡಿಗೆ ಅದೇ ಡ್ಯಾಂಪಿಂಗ್ ಶೀಟ್ ಹಾಕಿಸಬಹುದು. ಒಳಗಿನ ಗದ್ದಲ ಕಡಿಮೆಯಾದಷ್ಟೂ ಹಾಡಿನ ಸಣ್ಣ ಎಳೆಗಳು ಮೇಲೆ ಬರುತ್ತವೆ. ನಮ್ಮ ಎರೆಮಣ್ಣಿನ ಧೂಳು, ಸುಗ್ಗಿಯ ಕಾಲದ ಭತ್ತದ ಹೊಟ್ಟು ಸ್ಪೀಕರಿನ ಜಾಲರಿಯಲ್ಲಿ ಕೂತಿರುತ್ತವೆ. ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ. ಗಾಳಿಯ ಪೈಪ್ ಹಚ್ಚಿ ಊದಬೇಡಿ, ಮೇಲಿನ ಶ್ರುತಿ ನುಡಿಸುವ ಚಿಕ್ಕ ಸ್ಪೀಕರ್ ಇದೆಯಲ್ಲ, ಟ್ವೀಟರ್, ಅದರ ಪರದೆ ಹರಿಯುತ್ತದೆ.

ವ್ಯಾಟಿನ ಬಗ್ಗೆ ಬಹಳ ಮೋಸ ನಡೆಯುತ್ತದೆ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಡಬ್ಬಿಯ ಮೇಲೆ 1000 ವ್ಯಾಟ್, 2000 ವ್ಯಾಟ್ ಎಂದು ಬರೆದದ್ದು ಪಿಎಂಪಿಒ ಎಂಬ ಲೆಕ್ಕ. ಅದಕ್ಕೆ ನಂಬಬಹುದಾದ ಅಳತೆಯೇ ಇಲ್ಲ. ಎಡೆಬಿಡದೆ ಕೊಡುವ ಶಕ್ತಿ ಎಷ್ಟು ಎಂದು ಹೇಳುವುದು ಆರ್‌ಎಂಎಸ್. ಸ್ಟೀರಿಯೊ ಮೇಲೆ “50 ವ್ಯಾಟ್ × 4” ಎಂದಿದ್ದರೆ ಆರ್‌ಎಂಎಸ್ ಲೆಕ್ಕದಲ್ಲಿ ಒಂದು ಸ್ಪೀಕರಿಗೆ ಹದಿನೈದರಿಂದ ಇಪ್ಪತ್ತು ವ್ಯಾಟಿನ ಆಸುಪಾಸು ಸಿಗುತ್ತದೆ. ಇನ್ನೊಂದು ಮಾತು. ಶಕ್ತಿ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ, ಬರೀ ಮೂರು ಡೆಸಿಬಲ್ ಏರುತ್ತದೆ. ಕಿವಿಗೆ ಸದ್ದು ಎರಡು ಪಟ್ಟು ಅನ್ನಿಸಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಐವತ್ತು ವ್ಯಾಟಿನ ಆಂಪ್ಲಿಫೈಯರ್ ಕೊಟ್ಟು ನೂರು ವ್ಯಾಟಿನದು ತಂದವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದಿರುವುದು ಇದರಿಂದಲೇ. ಆಂಪ್ಲಿಫೈಯರ್ ಬೇಕು, ಇಲ್ಲವೆನ್ನುವುದಿಲ್ಲ. ಅದು ಬೇಕಾಗಿರುವುದು ಸದ್ದು ಹೆಚ್ಚಿಸಲಿಕ್ಕಲ್ಲ, ಡೊಳ್ಳಿನ ಒಂದು ಹೊಡೆತ ಬಂದಾಗ ದನಿ ಒಡೆಯದೆ ಇರಲಿಕ್ಕೆ.

ಆಂಪ್ಲಿಫೈಯರ್ ಹಾಕಿಸುವಾಗ ವೈರಿಂಗ್ ಮುಂದೆ ನಿಂತು ನೋಡಿ. 500 ವ್ಯಾಟ್ ನಿಜವಾಗಿ ಕೊಡುವ ಆಂಪ್ಲಿಫೈಯರ್ ಪೂರ್ತಿ ಶಕ್ತಿಯಲ್ಲಿ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ನಲವತ್ತೈದು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ತೆಳ್ಳನೆಯ ವೈರ್ ಹಾಕಿದರೆ ಅದು ಕಾಯುತ್ತದೆ. ಮಾರುಕಟ್ಟೆಯಲ್ಲಿ ದಪ್ಪಗೆ ಕಾಣುವ ಎಷ್ಟೋ ವೈರುಗಳು ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟವು. ಎಳೆಯೊಂದನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಅಲ್ಯುಮಿನಿಯಂ ತಾಮ್ರಕ್ಕೆ ಹೋಲಿಸಿದರೆ ನೂರಕ್ಕೆ ಅರವತ್ತು ಪಾಲಿನಷ್ಟೇ ವಿದ್ಯುತ್ತು ಸಾಗಿಸುತ್ತದೆ. ಬ್ಯಾಟರಿಯಿಂದ ಹೊರಟ ವೈರಿಗೆ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಆ ಫ್ಯೂಸ್ ಆಂಪ್ಲಿಫೈಯರಿನ ಕಾವಲಿಗಲ್ಲ, ವೈರಿನ ಕಾವಲಿಗೆ. ಎಂಜಿನ್ ಬಳಿ ತಗಡಿಗೆ ಉಜ್ಜಿ ವೈರಿನ ಚರ್ಮ ಸುಲಿದರೆ, ಫ್ಯೂಸ್ ಇಲ್ಲದ ಕಾರು ಹೊತ್ತಿಕೊಳ್ಳುತ್ತದೆ. “ಫ್ಯೂಸ್ ಯಾಕ್ ಬೇಕು ಬಿಡ್ರಿ” ಎನ್ನುವವರ ಕೈಗೆ ನಿಮ್ಮ ಕಾರು ಕೊಡಬೇಡಿ.

ಎಂಜಿನ್ ಏರಿದಂತೆ ಸ್ಪೀಕರಿನಲ್ಲಿ ಕೀಂ ಎಂಬ ಸದ್ದೂ ಏರುತ್ತದೆಯೇ? ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು. ಹೆಚ್ಚಿನ ಸಲ ತಪ್ಪು ಅರ್ಥಿಂಗ್‌ನಲ್ಲಿ ಇರುತ್ತದೆ. ಅರ್ಥ್ ವೈರನ್ನು ಬಣ್ಣದ ಮೇಲೆ ತಿರುಪು ಹಾಕಿ ಬಿಗಿದಿರುತ್ತಾರೆ. ಬಣ್ಣ ಕೆರೆದು ಹೊಳೆಯುವ ತಗಡಿಗೆ ಬಿಗಿಯಬೇಕು, ವೈರ್ ಗಿಡ್ಡವಾಗಿರಬೇಕು. ಬ್ಯಾಟರಿಯ ವೈರ್ ಕಾರಿನ ಒಂದು ಮಗ್ಗುಲಲ್ಲಿ ಹೋದರೆ ಹಾಡಿನ ಕೇಬಲ್ ಇನ್ನೊಂದು ಮಗ್ಗುಲಲ್ಲಿ ಹೋಗಬೇಕು.

ಇಷ್ಟೆಲ್ಲ ಆದ ಮೇಲೂ ಡೊಳ್ಳಿನ ತಳದ ಗುಡುಗು ಬೇಕೆನಿಸಿದರೆ, ಆಗ ಧಾರಾಳವಾಗಿ ವೂಫರ್ ಹಾಕಿಸಿ. ಅದರಲ್ಲಿ ಎರಡು ಬಗೆ. ಪೂರ್ತಿ ಮುಚ್ಚಿದ ಡಬ್ಬಿ ಒಂದು, ಗಾಳಿ ಹೊರಬರಲು ಕೊಳವೆ ಇಟ್ಟ ಡಬ್ಬಿ ಇನ್ನೊಂದು. ಕೊಳವೆಯದು ಅದೇ ವ್ಯಾಟಿನಲ್ಲಿ ಹೆಚ್ಚು ಸದ್ದು ಮಾಡುತ್ತದೆ. ಮುಚ್ಚಿದ್ದು ಬಿಗಿಯಾಗಿ ಹೊಡೆದು ಕೂಡಲೇ ನಿಲ್ಲುತ್ತದೆ. ಭಜನೆ, ತತ್ವಪದ, ಹಿಂದೂಸ್ತಾನಿ ಕೇಳುವವರಿಗೆ ನಾನು ಮುಚ್ಚಿದ್ದನ್ನೇ ಹೇಳುತ್ತೇನೆ. ಕಾರಿನಂಥ ಚಿಕ್ಕ ಜಾಗದಲ್ಲಿ ತೀರ ಕೆಳಗಿನ ಶ್ರುತಿ ತಾನಾಗಿ ಹಿಗ್ಗುತ್ತದೆ. ಹಾಗಾಗಿ ಹತ್ತು ಇಂಚಿನ ಒಂದೇ ವೂಫರ್ ಧಾರಾಳ ಸಾಕು. ಎಂಬತ್ತು ಹರ್ಟ್ಸ್‌ಗಿಂತ ಕೆಳಗಿನದನ್ನು ವೂಫರಿಗೆ, ಮೇಲಿನದನ್ನು ಬಾಗಿಲ ಸ್ಪೀಕರಿಗೆ ಹಂಚಿಕೊಡುವ ಕ್ರಾಸ್‌ಓವರ್ ಗುಂಡಿ ಆಂಪ್ಲಿಫೈಯರಿನಲ್ಲೇ ಇರುತ್ತದೆ. ಅದನ್ನು ಯಾರೂ ಮುಟ್ಟುವುದೇ ಇಲ್ಲ! ಬಾಗಿಲ ಸ್ಪೀಕರಿನ ಮೇಲಿಂದ ಈ ಕೆಳ ಶ್ರುತಿಯ ಭಾರ ಇಳಿಸಿದರೆ ಕಂಠ ಥಟ್ಟನೆ ತಿಳಿಯಾಗುತ್ತದೆ.

ಆಂಪ್ಲಿಫೈಯರಿನ ಮೇಲಿರುವ ಗೇನ್ ಗುಂಡಿಯನ್ನು ವಾಲ್ಯೂಮ್ ಎಂದು ತಿಳಿದು ಪೂರ್ತಿ ತಿರುವುವವರಿದ್ದಾರೆ. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೊ ಕಳಿಸುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ. ಬೇಸ್ ಬೂಸ್ಟ್ ಆಫ್ ಮಾಡಿ, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಗೇನನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ದನಿ ಒಡೆಯತೊಡಗಿದ ಕಡೆ ನಿಂತು ಸ್ವಲ್ಪ ಹಿಂದೆ ಬನ್ನಿ. ಅಲ್ಲೇ ಬಿಡಿ. ಒಡೆದ ದನಿಯನ್ನು ಹಾಗೇ ಓಡಿಸಿದರೆ ಮೊದಲು ಸುಡುವುದು ಟ್ವೀಟರ್.

ಶ್ರುತಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಸರಿನಲ್ಲಿ ಏರಿಸುವುದಕ್ಕಿಂತ ಇಳಿಸುವುದು ಜಾಣತನ. ಮಾತು ಮುಚ್ಚಿದಂತಿದ್ದರೆ ಟ್ರೆಬಲ್ ಏರಿಸುವ ಮೊದಲು ಇನ್ನೂರು, ಇನ್ನೂರೈವತ್ತು ಹರ್ಟ್ಸ್‌ನ ಪಟ್ಟಿಯನ್ನು ಎರಡು ಮೂರು ಡೆಸಿಬಲ್ ಇಳಿಸಿ ನೋಡಿ. ಹಳೆಯ ಟೇಪಿನಿಂದ ಬಂದ ರೆಕಾರ್ಡಿಂಗ್‌ಗಳಿಗೆ ಟ್ರೆಬಲ್ ಏರಿಸಿದರೆ ಟೇಪಿನ ಸುಯ್‌ಸದ್ದೇ ಎದ್ದು ಬರುತ್ತದೆ. ಹೊಸ ಸ್ಟೀರಿಯೊಗಳಲ್ಲಿ ಟೈಮ್ ಅಲೈನ್‌ಮೆಂಟ್ ಎಂಬುದೊಂದು ಇದೆ. ನಮ್ಮ ದೇಶದಲ್ಲಿ ಡ್ರೈವರ್ ಬಲಕ್ಕೆ ಕೂರುತ್ತಾನೆ. ಅವನಿಗೆ ಎಡ ಬಾಗಿಲ ಸ್ಪೀಕರ್ ಬಲಗಡೆಯದಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಎಡದ ದನಿ ಒಂದೂವರೆ ಮಿಲಿಸೆಕೆಂಡಿನಷ್ಟು ತಡವಾಗಿ ಮುಟ್ಟುತ್ತದೆ. ಬಲಗಡೆಯ ಸ್ಪೀಕರನ್ನು ಅಷ್ಟೇ ತಡೆದು ಬಿಟ್ಟರೆ ಹಾಡುಗಾರ ಮಂಡಿಯ ಪಕ್ಕದಿಂದ ಎದ್ದು ನಿಮ್ಮ ಎದುರಿಗೆ ಬಂದು ಕೂತಂತಾಗುತ್ತದೆ. ಟೇಪು ಹಿಡಿದು ಕಿವಿಯಿಂದ ಪ್ರತಿ ಸ್ಪೀಕರಿಗೆ ಇರುವ ದೂರ ಅಳೆದು ಸ್ಟೀರಿಯೊಗೆ ಹೇಳಿದರೆ ಮುಗಿಯಿತು, ಒಂದು ಪೈಸೆ ಖರ್ಚಿಲ್ಲ.

ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬರುವ ಹಾಡುಗಳನ್ನೂ ಗಮನಿಸಿ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇರುತ್ತದೆ. 128 ಕಿಲೋಬಿಟ್ಟಿನ ಎಂಪಿ3ಯಲ್ಲಿ ಉಳಿಯುವುದು ಅದರ ಹನ್ನೊಂದರಲ್ಲಿ ಒಂದು ಪಾಲು. ಅದನ್ನೇ ಮತ್ತೆ 320ಕ್ಕೆ ಬದಲಿಸಿ ಕೊಟ್ಟರೆ ಫೈಲ್ ದಪ್ಪವಾಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಮೊದಲಿನಿಂದಲೇ 320ರಲ್ಲಿ ಅಥವಾ ಏನನ್ನೂ ಕಳೆಯದೆ ಉಳಿಸುವ ಫ್ಲ್ಯಾಕ್‌ನಲ್ಲಿ ಮಾಡಿದ್ದನ್ನು ಹುಡುಕಿ.

ಕಿವಿಯ ಮಾತು ಹೇಳದೆ ಇರಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ ನಲವತ್ತು ಗಂಟೆ ಕೇಳಬಹುದು. ಅದರ ಮೇಲೆ ಮೂರು ಮೂರು ಡೆಸಿಬಲ್ ಏರಿದಂತೆ ಕೇಳಬಹುದಾದ ಹೊತ್ತು ಅರ್ಧರ್ಧ ಇಳಿಯುತ್ತದೆ. ಒಳಕಿವಿಯ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಿಂದಿನ ಸೀಟಿನಲ್ಲಿ, ವೂಫರಿಗೆ ಬೆನ್ನು ಕೊಟ್ಟು ಕೂರುವವರು ನಿಮ್ಮ ಮಕ್ಕಳು. ಸುತ್ತಲಿನವರ ಕಿವಿಗೆ ಕಾನೂನಿನ ಕಾವಲೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತಲಿನ ನೂರು ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ಈ ನಿಯಮ ಹೆಚ್ಚು ನೆನಪಿಡಬೇಕಾದವರು ಟ್ರ್ಯಾಕ್ಟರ್ ಓಡಿಸುವ ನಮ್ಮ ತಮ್ಮಂದಿರು. ಟ್ರ್ಯಾಕ್ಟರಿಗೆ ಬಾಗಿಲೂ ಇಲ್ಲ, ಗಾಜೂ ಇಲ್ಲ. ಎಂಜಿನ್ ಸದ್ದೇ ಕಿವಿಯ ಹತ್ತಿರ ತೊಂಬತ್ತು ಡೆಸಿಬಲ್ಲಿನ ಆಸುಪಾಸು ಇರುತ್ತದೆ. ಅದನ್ನು ಮೀರಿಸಲೆಂದು ಹಿಂದೆ ದೊಡ್ಡ ಡಬ್ಬಿ ಕಟ್ಟುತ್ತಾರೆ. ಆ ಸದ್ದು ಓಡಿಸುವವನಿಗಿಂತ ಹೆಚ್ಚಾಗಿ ಊರಿಗೆ ಕೇಳುತ್ತದೆ. ದಿನವಿಡೀ ಹೊಲದಲ್ಲಿ ಮಣ್ಣು ಪುಡಿ ಮಾಡುವ ರೂಟರ್ ಹೊಡೆಯುವವನಿಗೆ ಹಾಡು ಬೇಕು, ಅದರಲ್ಲಿ ಎರಡು ಮಾತಿಲ್ಲ. ಬಯಲಲ್ಲಿ ಸ್ಪೀಕರಿಗೂ ಕಿವಿಗೂ ನಡುವಿನ ದೂರ ಅರ್ಧವಾದರೆ ಸದ್ದು ಆರು ಡೆಸಿಬಲ್ ಏರುತ್ತದೆ. ಅಂದರೆ ಅದೇ ಸದ್ದಿಗೆ ಕಾಲು ಭಾಗ ಶಕ್ತಿ ಸಾಕು. ಹಿಂದೆ ಕಟ್ಟಿದ ಡಬ್ಬಿಯ ಬದಲು ನಾಲ್ಕೋ ಆರೋ ಇಂಚಿನ ಎರಡು ಸ್ಪೀಕರನ್ನು ಮುಚ್ಚಿದ ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಮೇಲಿನ ಛತ್ರಿಯ ಕಂಬಕ್ಕೆ ಕಿವಿಯ ಎತ್ತರದಲ್ಲಿ, ಮುಖ ತಮ್ಮ ಕಡೆಗೇ ತಿರುಗಿಸಿ ಬಿಗಿಯಲಿ. ಕೆಳಗೆ ರಬ್ಬರಿನ ಬಿಲ್ಲೆ ಕೊಡಲಿ, ಇಲ್ಲದಿದ್ದರೆ ಎಂಜಿನ್ ನಡುಕಕ್ಕೆ ತಿರುಪು ಸಡಿಲಾಗುತ್ತದೆ.